ಉಳಿಸಪ್ಪಾ, ಉಳಿಸು

ನಾಲ್ವರು ಬಿಲ್ಲಕ್ಕನ ಶವಪೆಟ್ಟಿಗೆಗೆ ಹೆಗಲು ಕೊಡುವ ಹೊತ್ತಿಗೇ ಡಾಕ್ಟರಮ್ಮನ ಚೀಲದೊಳಗೆ ಫೋನು ಗುಂಯ್‌ಗುಟ್ಟಿತು. ತಡಕಾಡಿ ಅದರ ಬಾಯಿ ಮುಚ್ಚಿಸಿದರು. ಸಾಫ್ಟ್‌ವೇರ್ ಕಂಪನಿಯವನೇ. ಬರುವ ತಿಂಗಳಿಂದ ಬಿಲ್ಲುಗಳಿಗೆಲ್ಲ ಹೊಸ ಕೋಡುಗಳು. ಕ್ಲಿನಿಕ್ಕಿನ ಹಳೇ ಸಾಫ್ಟ್‌ವೇರು ಅವನ್ನು ನುಂಗುವುದಿಲ್ಲ. ಬದಲಾಯಿಸುವುದಾದರೆ ಇವತ್ತೇ ಹೇಳಿ, ಆಮೇಲೆ ಸರದಿ ಸಿಗುವುದಿಲ್ಲ ಎಂದು ಬೆನ್ನು ಹತ್ತಿದ್ದ.

ಯಾವ ಬಾಯಲ್ಲಿ ಹೇಳುವುದು? ಆ ಮಾತು ಎತ್ತಿದ್ದಕ್ಕೇ ಬಿಲ್ಲಕ್ಕನ ಎದೆ ಒಡೆದುಹೋಯಿತೇನೋ ಎಂದು ನಿನ್ನೆಯಿಂದ ಡಾಕ್ಟರಮ್ಮನ ಮನಸ್ಸು ಕೊರೆಯುತ್ತಿತ್ತು.

*

ಬಿಲ್ಲಿಂಗ್ ಮೇಜಿನ ಅಕ್ಕ ಜನರ ಬಾಯಲ್ಲಿ ಬಿಲ್ಲಕ್ಕ ಆಗಿದ್ದಳು. ಕ್ಲಿನಿಕ್ಕು ಶುರುವಾದಾಗಿನಿಂದ ಗಾಜಿನ ಕಿಂಡಿಯ ಹಿಂದೆ ಅವಳೇ. ಒಂದೊಂದು ಬಿಲ್ಲು ಮುಗಿದಾಗಲೂ ಪರದೆಯ ಮೇಲೆ ‘ಉಳಿಸಲೇ?’ ಎಂಬ ಪ್ರಶ್ನೆ ಬರುತ್ತಿತ್ತು. ‘ಹೌದು’ ಒತ್ತಿದರೆ ಸಾಕು, ಕಂಪ್ಯೂಟರು ಕಣ್ಣು ಮೇಲೆ ಮಾಡಿಕೊಂಡು ನಿಂತುಬಿಡುತ್ತಿತ್ತು. ಬರೆದದ್ದೆಲ್ಲ ಅಳಿಸಿಹೋಗುವ ಭಯಕ್ಕೆ ಬಿಲ್ಲಕ್ಕ ಅದನ್ನೇ ಬೇಡಿಕೊಳ್ಳುತ್ತಿದ್ದಳು.

“ಉಳಿಸಪ್ಪಾ, ಉಳಿಸು... ನನ್ನಪ್ಪ ಅಲ್ವಾ, ಉಳಿಸು.”

ಹೊಸದು ತರಬೇಕೆಂದು ಡಾಕ್ಟರಮ್ಮ ವರ್ಷ ವರ್ಷವೂ ಅಂದುಕೊಂಡು ಸುಮ್ಮನಾಗುತ್ತಿದ್ದರು. ಪಾಪ, ಈ ವಯಸ್ಸಲ್ಲಿ ಎಲ್ಲಿ ಕಲಿತಾಳು. ಮೊನ್ನೆ ಸಂಜೆ ಬೇರೆ ದಾರಿಯಿಲ್ಲದೆ ಬಾಯಿಬಿಟ್ಟರು.

“ಹಳೇದು ಇನ್ನು ನಡೆಯಲ್ಲ ಕಣೆ. ಬದಲಾಯಿಸಬೇಕು ಅನ್ಸತ್ತೆ.”

ಬಿಲ್ಲಕ್ಕ ಅವರ ಮುಖವನ್ನೇ ನೋಡಿದಳು. “ಖಂಡಿತಾನಾ, ಅಮ್ಮ?” ಕಣ್ಣು ತುಂಬಿಬಂತು. ಅಂಗೈಯಲ್ಲಿ ಒರೆಸಿಕೊಂಡವಳೇ ಚೀಲ ಎತ್ತಿಕೊಂಡು ಹೊರಟುಹೋದಳು. ಮರುದಿನ ಬೆಳಿಗ್ಗೆ ಏಳಲಿಲ್ಲ. ನಿದ್ದೆಯಲ್ಲೇ ಎದೆಬಡಿತ ನಿಂತಿತ್ತು.

*

ಮಣ್ಣು ಮಾಡಿ ಬಂದವರು ಬಿಲ್ಲಕ್ಕನ ಮನೆಯ ನಡುಕೋಣೆಯಲ್ಲಿ ಕುರ್ಚಿಗಳ ಮೇಲೆ ಕೂತಿದ್ದರು.

“ನನ್ನಂಥವನ ಸಲುವಾಗೂ ದೇವರನ್ನ ಬೇಡ್ಕೋತಿದ್ದಳಲ್ಲ, ತಾಯಿ!” ಎಂದ ಬಸ್ಸಿನ ಡ್ರೈವರ್ ತಾತ, ಮೂಗೊರೆಸಿಕೊಳ್ಳುತ್ತ. “ನನ್ನ ಬಿಲ್ ಮಾಡುವಾಗೆಲ್ಲ ‘ಉಳಿಸಪ್ಪಾ, ಉಳಿಸು’ ಅಂತ. ನನ್ನ ಕೆಟ್ಟ ಎದೆ ಇನ್ನೂ ಓಡ್ತಿರೋದು ಅದರಿಂದ್ಲೇ. ಬೇಜಾರ್ ಮಾಡ್ಕೋಬೇಡಿ ಡಾಕ್ಟರಮ್ಮ, ನಿಮ್ಮ ಮಾತ್ರೆದೂ ಸ್ವಲ್ಪ ಇರಬಹುದು.”

ಬಿಲ್ಲಕ್ಕನ ಗಂಡ, ದರ್ಜಿ, ಅಳುತ್ತಿದ್ದವನು ಫಕ್ಕನೆ ನಕ್ಕ. “ಅದು ಕಂಪ್ಯೂಟರಿಗೆ ಹೇಳ್ತಿದ್ದಿದ್ದು, ತಾತ!”

“ಯಾರಿಗಾದ್ರೂ ಹೇಳ್ಲಿ. ತಲುಪ್ತಲ್ಲ.”

ಕೋಣೆಯೆಲ್ಲ ನಕ್ಕಿತು, ಡಾಕ್ಟರಮ್ಮನೊಬ್ಬರನ್ನು ಬಿಟ್ಟು. ಅವರು ಕುರ್ಚಿಯನ್ನು ದರ್ಜಿಯ ಹತ್ತಿರ ಎಳೆದುಕೊಂಡರು. “ಮೊನ್ನೆ ಸಂಜೆ ಅವಳು... ಏನಾದ್ರೂ ಹೇಳಿದ್ಲಾ?”

“ಹೇಳಿದ್ಲಾ ಅಂತೀರಾ! ಚಪ್ಪಲಿ ಬಿಡೋಕೂ ಮುಂಚೆ ಶುರು. ‘ಆ ಮುದಿ ಕತ್ತೆ ಕಾಟ ತಪ್ತು ಕಣ್ರೀ’ ಅಂತ. ಖುಷಿಗೆ ನಿಮ್ಮೆದುರೇ ಕಣ್ಣೀರು ಬಂದ್ಬಿಡ್ತಂತೆ, ನಾಚಿಕೆಯಾಗಿ ಓಡಿಬಂದಿದ್ದಾಳೆ. ಹೊಸ ಸಾಫ್ಟ್‌ವೇರನ್ನ ಪಕ್ಕದ ಬೀದಿ ಹಲ್ಲಿನ ಡಾಕ್ಟರ ಹತ್ರ ಯಾವಾಗ್ಲೋ ಕಲಿತು ಕೂತಿದ್ಲು.”

“ಮತ್ತೆ ನನಗ್ಯಾಕೆ ಹೇಳಲಿಲ್ಲ?”

ದರ್ಜಿ ಕತ್ತು ಕೆರೆದುಕೊಂಡ. “ತಪ್ಪು ತಿಳ್ಕೋಬೇಡಿ. ‘ಡಾಕ್ಟರಮ್ಮ ಫೋನಲ್ಲಿ ಒಂದು ಮೆಸೇಜ್ ಕಳಿಸೋಕೂ ಬೆವರ್ತಾರೆ. ಪಾಪ, ಈ ವಯಸ್ಸಲ್ಲಿ ಎಲ್ಲಿ ಕಲಿತಾರು’ ಅಂತಿದ್ಲು.”

ಡಾಕ್ಟರಮ್ಮನಿಗೆ ನಗು ಬಂತು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು. ಎದ್ದು ಬಾಗಿಲ ಬಳಿ ಹೋಗಿ ಸಾಫ್ಟ್‌ವೇರಿನವನಿಗೆ ಫೋನು ಮಾಡಿದರು.

“ಹೂಂ ಕಣಪ್ಪ, ಹೊಸದನ್ನೇ ಹಾಕು. ನನಗೆ ನಿಧಾನಕ್ಕೆ ಹೇಳಿಕೊಡಬೇಕು, ಅಷ್ಟೇ.”

*

ಸಂಜೆ ಡ್ರೈವರ್ ತಾತ ಕೆಮ್ಮುತ್ತ ಕ್ಲಿನಿಕ್ಕಿಗೆ ಬಂದ. ಡಾಕ್ಟರಮ್ಮ ಅವನ ಎದೆ ನೋಡಿ, ಮಾತ್ರೆ ಬರೆದು, ತಾವೇ ಹೋಗಿ ಕಿಂಡಿಯ ಹಿಂದೆ ಕೂತರು. ಹೊಸದು ಬರುವವರೆಗೆ ಹಳೆಯದೇ ಗತಿ. ಒಂದೇ ಬೆರಳಲ್ಲಿ ಬಿಲ್ಲು ಕುಟ್ಟಿದರು. ‘ಉಳಿಸಲೇ?’ ಎಂದಿತು ಪರದೆ. ಒತ್ತಿದರು. ಕಂಪ್ಯೂಟರು ನಿಂತೇಬಿಟ್ಟಿತು.

“ಉಳಿಸಪ್ಪಾ,” ಎಂದರು ಡಾಕ್ಟರಮ್ಮ ಮೆಲ್ಲಗೆ. “ಉಳಿಸು.”

ಗಾಜಿನಾಚೆ ತಾತ ತಲೆಯ ಮೇಲಿನ ಟೋಪಿ ತೆಗೆದ, ಕಣ್ಣು ಮುಚ್ಚಿ ಎದೆ ತುಂಬ ಉಸಿರೆಳೆದುಕೊಂಡ.