ಸ್ವಂತ ಹಿತಾಸಕ್ತಿ

ನಮ್ಮ ವಿಭಾಗದಲ್ಲಿ ಒಂದು ಪದ್ಧತಿ ಇದೆ. ಸಾರ್ವಜನಿಕ ನೀತಿಯಲ್ಲಿ ಎಂ.ಎ. ಮಾಡುವವರು ಕೊನೆಯ ವರ್ಷ ಒಂದು ಪ್ರಬಂಧ ಬರೆಯಬೇಕು. ಬರೆಯುವ ಮೊದಲು ಸಮಿತಿಯ ಮುಂದೆ ವಿಷಯ ಮಂಡಿಸಬೇಕು. ಮಂಡಿಸುವ ಮೊದಲು ನೆಟ್ಟಗೆ ನಿಂತು ಒಂದು ವಾಕ್ಯ ಹೇಳಬೇಕು: "ಈ ವಿಷಯದಲ್ಲಿ ನನಗೆ ಯಾವುದೇ ಸ್ವಂತ ಹಿತಾಸಕ್ತಿ ಇಲ್ಲ." ಇದ್ದರೆ ಏನಿದೆ ಎಂದು ಹೇಳಬೇಕಂತೆ. ಹಾಗೆ ಹೇಳಿದವರನ್ನು ಮಾತ್ರ ಇದುವರೆಗೆ ಯಾರೂ ಕಂಡಿರಲಿಲ್ಲ. ನಾನು ಹೇಳಿ ಸಿಕ್ಕಿಹಾಕಿಕೊಂಡೆ.

ಇದು ಪಶ್ಚಾತ್ತಾಪದ ಮಾತು ಎಂದು ತಿಳಿಯಬೇಡಿ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಪಶ್ಚಾತ್ತಾಪ ಎಲ್ಲಿರುತ್ತದೋ ಇನ್ನೂ ಸಿಕ್ಕಿಲ್ಲ.

ನನ್ನ ವಿಷಯ ಆಕಾಶದಿಂದ ಇಳಿದದ್ದೇನಲ್ಲ. ದೊಡ್ಡ ಮಾರುಕಟ್ಟೆಯ ಹಿಂಬದಿಯಲ್ಲಿ ನಗರಸಭೆಯ ಶೌಚಾಲಯವಿದೆ. ಅದರ ಹೆಂಗಸರ ಭಾಗವನ್ನು ಮುಚ್ಚಿ ಗೋದಾಮು ಮಾಡಲು ನಗರಸಭೆ ಹೊರಟಿದೆ. ಬಳಸುವವರು ಕಡಿಮೆ ಎಂಬುದು ಅವರು ಕೊಡುವ ಕಾರಣ. ಯಾಕೆ ಕಡಿಮೆ, ಮುಚ್ಚಿದರೆ ಅಲ್ಲಿ ತರಕಾರಿ ಮಾರುವ ಹೆಂಗಸರು ಎಲ್ಲಿಗೆ ಹೋಗಬೇಕು, ಇದು ನನ್ನ ಪ್ರಶ್ನೆ. ಮಧ್ಯಾಹ್ನದವರೆಗೆ ಗುಟುಕು ನೀರು ಕುಡಿಯದೆ ಕೂರುವವರು ಅವರು. ಕುಡಿದರೆ ಏಳಬೇಕಲ್ಲ! ಎದ್ದರೆ ತಕ್ಕಡಿ ನೋಡಿಕೊಳ್ಳುವವರು ಯಾರು? ಹೋದರೆ ನಲ್ಲಿಯಲ್ಲಿ ನೀರು ಇರುತ್ತದೋ ಇಲ್ಲವೋ ಅದೂ ಗೊತ್ತಿಲ್ಲ.

ಆ ಶೌಚಾಲಯವನ್ನು ತೊಳೆದು, ಅದರ ಬಾಗಿಲಲ್ಲಿ ಕೂತು ನೋಡಿಕೊಳ್ಳುವವಳು ನನ್ನ ಅಮ್ಮ.

ಮೊದಲ ಸಲ ಸಮಿತಿಯ ಮುಂದೆ ಹೋದ ದಿನ ನನಗಿಂತ ಮೊದಲು ಮಂಡಿಸಿದವನು ನಮ್ಮ ತರಗತಿಯ ಪಾರ್ಕಿಂಗ್. ಹೆಸರು ಬೇರೆ ಇದೆ, ಆದರೆ ವಿಷಯ ವಾಹನ ನಿಲುಗಡೆಯ ಶುಲ್ಕವಾದ್ದರಿಂದ ನಾವೆಲ್ಲ ಅವನನ್ನು ಕರೆಯುವುದೇ ಹಾಗೆ. ಊರಿನ ಅರ್ಧ ನಿಲುಗಡೆ ಜಾಗದ ಗುತ್ತಿಗೆ ಅವನ ಚಿಕ್ಕಪ್ಪನದು. ಅವನು ಟೈ ಸರಿಮಾಡಿಕೊಂಡು, "ಯಾವುದೇ ಸ್ವಂತ ಹಿತಾಸಕ್ತಿ ಇಲ್ಲ" ಎಂದು ನೀರು ಕುಡಿದಷ್ಟು ಸಲೀಸಾಗಿ ಹೇಳಿದ. ನನ್ನ ಮೈ ಉರಿದುಹೋಯಿತು. ನನ್ನ ಸರದಿ ಬಂದಾಗ ಆ ಉರಿಯಲ್ಲೇ ನಿಂತು, "ನನಗೆ ಇದೆ. ನಮ್ಮಮ್ಮ ಅಲ್ಲೇ ಕೆಲಸ ಮಾಡೋದು" ಎಂದುಬಿಟ್ಟೆ.

ಸಮಿತಿಯ ಅಧ್ಯಕ್ಷರು ನಿವೃತ್ತ ಅಧಿಕಾರಿ. ಮೆಲುದನಿಯ ಮನುಷ್ಯ. ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಅಮ್ಮ ಅಂದ್ರೆ ಹೆತ್ತ ತಾಯೀನಾ?"

"ಹೌದು ಸಾರ್, ಬಾಡಿಗೆಗೆ ತಂದಿಲ್ಲ."

ಹಿಂದೆ ಯಾರೋ ಕಿಸಕ್ಕೆಂದರು. ಅಧ್ಯಕ್ಷರು ನಗಲಿಲ್ಲ. "ಹಾಗಾದ್ರೆ ವರದಿ ಒಂದು ಕಡೆ ವಾಲುತ್ತಲ್ಲಮ್ಮ? ಬರೋ ವಾರ ಮತ್ತೆ ಬಾ. ಇವತ್ತು ಹೇಳಿದ್ದನ್ನ ನಾವು ಬರ್ಕೊಳ್ಳಲ್ಲ. ಚೆನ್ನಾಗಿ ಯೋಚನೆ ಮಾಡಿ ಮೊದಲಿಂದ ಶುರು ಮಾಡು" ಎಂದರು.

ಅದರ ಅರ್ಥವನ್ನು ಬಿಡಿಸಿ ಹೇಳಿದವರು ನನ್ನ ಗೈಡ್ ಮೇಡಂ. ಅವರ ಕೋಣೆಯಲ್ಲಿ ಕುರ್ಚಿಗಳ ಮೇಲೂ ಹಳೆಯ ಪ್ರಬಂಧಗಳ ರಾಶಿ. ಕೂರಬೇಕಾದರೆ ಯಾರದೋ ಒಂದು ವರ್ಷದ ಶ್ರಮವನ್ನು ಎತ್ತಿ ನೆಲಕ್ಕಿಡಬೇಕು. ಮೇಡಂ ಒಳ್ಳೆಯವರು. ಒಳ್ಳೆಯವರ ಹತ್ತಿರವೇ ಕಷ್ಟ, ಜಗಳ ಆಡುವ ಹಾಗಿಲ್ಲ.

"ನೋಡಮ್ಮ, ಅದು ಬರೀ ಒಂದು ವಾಕ್ಯ. ಎಲ್ಲರೂ ಹೇಳ್ತಾರೆ. ನೀನೂ ಇಲ್ಲ ಅಂತ ಹೇಳು, ಮುಗೀತು. ಇದೆ ಅಂತ ಹಟ ಹಿಡಿದ್ರೆ ವಿಷಯ ಬಿದ್ದುಹೋಗುತ್ತೆ. ಒಂದು ವರ್ಷ ಕೂತ್ಕೋಬೇಕಾಗುತ್ತೆ."

"ಅಮ್ಮನ ವಿಚಾರ ಆಗಲೇ ಹೇಳಿಬಿಟ್ಟಿದ್ದೀನಲ್ಲ ಮೇಡಂ. ಕೇಳಿದ್ರೆ?"

"ಕೇಳಲ್ಲ. ಕೇಳಿದ್ರೂ ದೂರದ ಸಂಬಂಧ ಅನ್ನು."

ದೂರದ ಸಂಬಂಧ! ಒಂಬತ್ತು ತಿಂಗಳಷ್ಟು ದೂರ. ಬಾಯಿಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದು, "ಸರಿ ಮೇಡಂ" ಎಂದು ಎದ್ದು ಬಂದೆ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ನೊಂದುಕೊಳ್ಳುತ್ತಾಳೆ, ಆಗ ಇಬ್ಬರೂ ಸೇರಿ ಸಮಿತಿಯನ್ನು ಬೈಯಬಹುದು ಎಂದು ಲೆಕ್ಕ ಹಾಕಿದ್ದೆ. ಎಲ್ಲಿ! ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

"ಅಯ್ಯೋ, ಅಷ್ಟೇನಾ? ಇಲ್ಲ ಅಂತ ಹೇಳಿ ಬಾರೇ. ಅದಕ್ಕೇನು ಬಾಯಿ ನೋವಾಗುತ್ತಾ?"

"ಅಮ್ಮಾ, ಅದು ನಿನ್ನನ್ನೇ ಇಲ್ಲ ಅಂದ ಹಾಗೆ."

"ಅಂದ್ಕೋ. ನಾನೇನು ಕರಗಿಹೋಗಲ್ಲ. ನಿನ್ನನ್ನ ಇಷ್ಟು ಓದಿಸಿದ್ದು ಆ ಬಾಗಿಲ ಹೆಸರು ಹೇಳ್ಕೊಂಡು ತಿರುಗಲಿ ಅಂತಲ್ಲ ಕಣೇ."

ಅವಳ ಮಟ್ಟಿಗೆ ಇದು ಹೊಸದಲ್ಲ. "ನಗರಸಭೇಲಿ ಕೆಲಸ" ಎಂದು ಅವಳು ಹೇಳುವ ಧಾಟಿಗೆ ಪಕ್ಕದ ಮನೆಯವರು ಅವಳನ್ನು ಫೈಲು ನೋಡುವ ಗುಮಾಸ್ತೆ ಎಂದೇ ನಂಬಿ, ಮೊಮ್ಮಗುವಿನ ಜನನ ಪ್ರಮಾಣಪತ್ರ ಬೇಗ ಕೊಡಿಸಿ ಎಂದು ಬಂದಿದ್ದರು. ಅಮ್ಮ ನೋಡೋಣ ಎಂದು ಗಂಭೀರವಾಗಿ ತಲೆಯಾಡಿಸಿ ಕಳುಹಿಸಿದ್ದಳು. ಈಗ ನನ್ನ ಹಿಂದೆ ಬಿದ್ದು, ಊಟಕ್ಕೂ ಬಿಡದೆ ಮಾತು ತೆಗೆದುಕೊಂಡಳು: ಇಲ್ಲ ಎಂದೇ ಹೇಳಿ ಬರುತ್ತೇನೆ ಎಂದು. ಅಷ್ಟಕ್ಕೂ ಸಮಾಧಾನವಿಲ್ಲ.

"ನಿನ್ನ ನಾಲಿಗೆ ಮೇಲೆ ನನಗೆ ನಂಬಿಕೆ ಇಲ್ಲ. ರಜಾ ಹಾಕಿ ನಾನೂ ಬರ್ತೀನಿ. ಹೆದರಬೇಡ, ನಿನಗೂ ನನಗೂ ಸಂಬಂಧವೇ ಇಲ್ಲದ ಹಾಗೆ ಕೂತಿರ್ತೀನಿ."

ವಿಷಯ ಮಂಡನೆಗೆ ಯಾರು ಬೇಕಾದರೂ ಬಂದು ಕೂರಬಹುದು. ಸಾರ್ವಜನಿಕ ನೀತಿಯಲ್ಲವೇ, ಸಾರ್ವಜನಿಕರಿಗೆ ಪ್ರವೇಶ ಇರಲೇಬೇಕು. ಹೊರಗಿನಿಂದ ಬರುವವರು ಮಾತ್ರ ಯಾರೂ ಇಲ್ಲ. ಹಾಗಾಗಿ ಆ ದಿನ ಅಮ್ಮ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಸಭಾಂಗಣದ ಬಾಗಿಲಿಗೆ ಬಂದಾಗ ಅಲ್ಲಿನ ಜವಾನರಿಗೇ ಆಶ್ಚರ್ಯವಾಯಿತು.

"ಯಾರ ಕಡೆಯವರಮ್ಮ ನೀವು?" ಎಂದು ಕೇಳಿದರು.

ನಾನು ಪಕ್ಕದಲ್ಲೇ ನಿಂತಿದ್ದೆ. ಅಮ್ಮ ನನ್ನ ಮುಖವನ್ನು ಗೋಡೆ ನೋಡಿದ ಹಾಗೆ ನೋಡಿ, "ಯಾರ ಕಡೆಯವಳೂ ಅಲ್ಲಪ್ಪ. ಸುಮ್ನೆ ಕೇಳೋಣ ಅಂತ ಬಂದೆ" ಎಂದಳು. ಕಣ್ಣು ಮಿಟುಕಿಸಲಿಲ್ಲ, ದನಿ ನಡುಗಲಿಲ್ಲ. ಹೋಗಿ ಕಟ್ಟಕಡೆಯ ಬೆಂಚಿನಲ್ಲಿ ಕೂತು, ಬ್ಲೀಚಿಂಗ್ ಪುಡಿಗೆ ಬಿರುಕು ಬಿಟ್ಟ ಎರಡೂ ಕೈಗಳನ್ನು ಚೀಲದೊಳಗೆ ಇಳಿಬಿಟ್ಟಳು. ನನ್ನನ್ನು ಯಾರೂ ಅಷ್ಟು ಚೆನ್ನಾಗಿ, ಅಷ್ಟು ಪ್ರೀತಿಯಿಂದ ಇಲ್ಲ ಎಂದಿರಲಿಲ್ಲ. ಹಾಗೆ ಅನ್ನಲು ಅವಳಿಗೆ ಎಷ್ಟು ವರ್ಷದ ಅಭ್ಯಾಸ ಬೇಕಾಗಿತ್ತೋ ಎಂದು ಯೋಚಿಸಿದರೆ ಅಳು ಬರುವ ಬದಲು ಕೋಪ ಬಂತು.

ನನ್ನನ್ನು ಕರೆದರು. ಉದ್ದನೆಯ ಮೇಜಿನ ಆಚೆ ಅಧ್ಯಕ್ಷರು, ಅವರ ಎಡಬಲಕ್ಕೆ ಸದಸ್ಯರು, ಕೊನೆಯಲ್ಲಿ ನನ್ನ ಗೈಡ್ ಮೇಡಂ. ಒಬ್ಬೊಬ್ಬರ ಮುಂದೂ ಒಂದು ನೀರಿನ ಬಾಟಲಿ. ಬಾಗಿಲಾಚೆ ಎಡಕ್ಕೆ ತಿರುಗಿದರೆ ಶೌಚಾಲಯ. ಹಾಗಾಗಿ ಇಲ್ಲಿ ಕೂತವರು ಬೇಕಾದಷ್ಟು ನೀರು ಕುಡಿಯಬಹುದು.

"ಹೂಂ, ಹೇಳಮ್ಮ" ಎಂದರು ಅಧ್ಯಕ್ಷರು. "ಸ್ವಂತ ಹಿತಾಸಕ್ತಿ?"

ತಿರುಗಿ ನೋಡಿದರೆ ಕೊನೆಯ ಬೆಂಚಿನಿಂದ ಅಮ್ಮ ಹೇಳು, ಹೇಳು ಎಂದು ಕತ್ತು ಕುಣಿಸುತ್ತಿದ್ದಳು.

"ಇದೆ ಸಾರ್."

"ಏನಿದೆ?"

"ಹಿಂದಿನ ಬೆಂಚಲ್ಲಿ ಕೂತಿದೆ."

ಎಲ್ಲರ ತಲೆಯೂ ಒಟ್ಟಿಗೆ ಆ ಕಡೆ ತಿರುಗಿತು. ಅಮ್ಮನೂ ತಿರುಗಿ ತನ್ನ ಹಿಂದೆ ನೋಡಿದಳು, ಬೇರೆ ಯಾರೋ ಇರಬೇಕು ಎಂಬಂತೆ. ಅಲ್ಲಿ ಗೋಡೆ ಮಾತ್ರ ಇತ್ತು.

"ಅವಳು ನನ್ನ ಅಮ್ಮ" ಎಂದೆ. "ಆ ಶೌಚಾಲಯ ತೊಳೆಯೋದು ಅವಳೇ. ಸ್ಕೂಲು ಬಿಟ್ಟ ಮೇಲೆ ನಾನು ಪಾಠ ಓದಿದ್ದು ಅದರ ಬಾಗಿಲಲ್ಲಿ. ಅದು ಮುಚ್ಚಿದ್ರೆ ನನಗೆ ನಷ್ಟ, ಮುಚ್ಚದಿದ್ರೆ ಲಾಭ. ಹಿತಾಸಕ್ತಿ ಅಂದ್ರೆ ಇದೇ ತಾನೇ?"

ಅಧ್ಯಕ್ಷರು ಸಿಟ್ಟಾಗಲಿಲ್ಲ. ಆಗಿದ್ದರೆ ನನಗೆ ಸುಲಭವಾಗುತ್ತಿತ್ತು. "ಹಾಗಿದ್ರೆ ನಿನ್ನ ವರದಿ ನಂಬೋದು ಹೇಗೆ?" ಎಂದು ನ್ಯಾಯವಾಗಿಯೇ ಕೇಳಿದರು.

"ನಂಬಬೇಡಿ ಸಾರ್. ಅಲ್ಲಿಗೆ ಎಷ್ಟು ಹೆಂಗಸರು ಬರ್ತಾರೆ ಅಂತ ನಾನು ಎಣಿಸಿದ ಮೇಲೆ ಇನ್ನೊಬ್ಬರ ಕೈಲಿ ಮತ್ತೆ ಎಣಿಸಿ. ಮುಚ್ಚೋದೇ ಸರಿ ಅಂತ ಬಂದ್ರೆ ಅದನ್ನೇ ಬರೀತೀನಿ, ಮನೆಗೆ ಹೋಗಿ ಬೈಸ್ಕೋತೀನಿ. ಆದ್ರೆ ಮೊದಲನೇ ವಾಕ್ಯಾನೇ ಸುಳ್ಳು ಹೇಳು ಅಂತೀರಲ್ಲ, ಆಮೇಲಿನ ಪುಟಗಳನ್ನ ಯಾವ ಧೈರ್ಯದ ಮೇಲೆ ನಂಬ್ತೀರಿ?"

ಮೇಡಂ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು. ತರಗತಿಯವರ ನಡುವೆ ಕೂತಿದ್ದ ಪಾರ್ಕಿಂಗ್ ತನ್ನ ಮೊಬೈಲಿನಲ್ಲಿ ಮುಳುಗಿಹೋಗಿದ್ದ. ಅವನ ಚಿಕ್ಕಪ್ಪ ನನ್ನ ನಾಲಿಗೆಯ ತುದಿಗೆ ಬಂದಿದ್ದ. ನುಂಗಿಕೊಂಡೆ. ಅವತ್ತು ನಾನು ಎದ್ದು ನಿಂತದ್ದು ಅಮ್ಮನ ವಿಷಯ ಮಾತಾಡಲು.

"ಕೊನೇ ಸಲ ಕೇಳ್ತೀನಿ" ಎಂದರು ಅಧ್ಯಕ್ಷರು. "ಆ ವಾಕ್ಯ ಹೇಳ್ತೀಯಾ? ಹೇಳಿದ್ರೆ ವಿಷಯ ಇವತ್ತೇ ಪಾಸು."

"ಹೇಳಲ್ಲ ಸಾರ್."

ಅವರು ಅಕ್ಕಪಕ್ಕ ನೋಡಿದರು. "ವಿಷಯ ತಿರಸ್ಕಾರ ಆಗಿದೆ. ಬರೋ ವರ್ಷ ಬೇರೆ ವಿಷಯ ತಗೊಂಡು ಬಾ" ಎಂದರು.

"ವಿಷಯ ಇದೇ ಸಾರ್, ಹೇಳೋ ವಾಕ್ಯವೂ ಇದೇ. ಎಣಿಸೋದನ್ನ ನಾಳೆಯೇ ಶುರು ಮಾಡ್ತೀನಿ, ಅದಕ್ಕೆ ಸಮಿತಿ ಒಪ್ಪಿಗೆ ಬೇಕಾಗಿಲ್ಲ. ನನ್ನ ಡಿಗ್ರಿ ಬರ್ಲಿ ಅಂತ ಗೋದಾಮು ಕಾಯ್ತಾ ಕೂರಲ್ಲ" ಎಂದು ಹೇಳಿ ಹೊರಗೆ ಬಂದೆ.

ಪಡಸಾಲೆಯಲ್ಲಿ ಅಮ್ಮ ನನ್ನನ್ನು ಹಿಡಿದು ನಿಲ್ಲಿಸಿದಳು. ಅಳುತ್ತಿದ್ದಳು, ಬೈಯುತ್ತಲೂ ಇದ್ದಳು.

"ಮಾತು ಕೊಟ್ಟಿದ್ದೆಯಲ್ಲೇ! ಒಂದು ವರ್ಷ ಮಣ್ಣುಪಾಲು ಮಾಡಿದೆ. ಏನು ಬಂತು ನಿನಗೆ? ಎಲ್ಲರ ಮುಂದೆ ನನ್ನನ್ನ ತೋರಿಸಿ ಏನು ಸಿಕ್ತು?"

"ಬಾಗಿಲಲ್ಲಿ ನೀನೇನಂದೆ? ಯಾರ ಕಡೆಯವಳೂ ಅಲ್ಲ ಅಂದೆ. ನಾನು ಪಕ್ಕದಲ್ಲೇ ನಿಂತಿದ್ದೆ ಅಮ್ಮ. ನನಗೆ ಹೇಗಾಗಿರಬೇಡ?"

ಅಷ್ಟರಲ್ಲಿ ಸಭಾಂಗಣದ ಬಾಗಿಲು ಹಾಕಲು ಬಂದ ಜವಾನರು ಅಮ್ಮನ ಮುಖ ನೋಡಿ ಗಾಬರಿಯಾದರು.

"ಯಾಕಮ್ಮ ಅಳ್ತಿದೀರಿ? ಈ ಹುಡುಗಿ ನಿಮಗೆ ಏನಾಗಬೇಕು?"

ಅಮ್ಮ ಮೂಗು ಒರೆಸಿಕೊಂಡಳು. ಚೀಲವನ್ನು ನನ್ನ ಕೈಗೆ ತುರುಕಿ, ಬರಿಗೈಯಲ್ಲಿ ನನ್ನ ಭುಜ ಹಿಡಿದಳು.

"ಮಗಳು" ಎಂದಳು. "ಮಾರುಕಟ್ಟೆ ಹಿಂದೆ ಶೌಚಾಲಯ ಇದೆಯಲ್ಲಪ್ಪ, ಅದನ್ನ ತೊಳೆಯೋಳು ನಾನು. ಬರೋ ವರ್ಷ ಇವಳು ಇಲ್ಲಿ ಮತ್ತೆ ನಿಂತು ಇದನ್ನೇ ಹೇಳ್ತಾಳಂತೆ. ಅವತ್ತು ನನಗೆ ಮೊದಲನೇ ಸಾಲಲ್ಲಿ ಒಂದು ಕುರ್ಚಿ ಹಾಕಿಡು."