ಕಲ್ಲಿನ ಹಿಂಬದಿಯ ಮೂರು ಹೆಸರು

ಅಮೆರಿಕದ ಆ ಕೌಂಟಿಯ ಮನೆತನಗಳ ಪುಸ್ತಕ ಸೋಮವಾರ ಅಚ್ಚಿಗೆ ಹೋಗಬೇಕಿತ್ತು. ಮುನ್ನೂರ ಹನ್ನೆರಡು ಮನೆಯವರು ತಂತಮ್ಮ ಚರಿತ್ರೆ ಬರೆದುಕೊಟ್ಟಿದ್ದರು. ಒಬ್ಬರ ಅಜ್ಜನೂ ಕುಡುಕನಲ್ಲ, ಒಬ್ಬರ ಅಜ್ಜಿಯೂ ಓಡಿಹೋದವಳಲ್ಲ! ಹಳೆಯ ಕೋರ್ಟಿನ ನೆಲಮಾಳಿಗೆಯಲ್ಲಿ ಕೂತು ಇದನ್ನೆಲ್ಲ ಜೋಡಿಸಿದವಳು ವಿಲ್ಮಾ ಹಾಕರ್‌ಸ್ಮಿತ್, ಮದುವೆಯಾಗದೆ ಎಪ್ಪತ್ತು ಮುಟ್ಟಿದವಳು. ಮನೆಯವರು ಬರೆದದ್ದರಲ್ಲಿ ಒಂದಕ್ಷರವನ್ನೂ ತಿದ್ದಬಾರದೆಂಬ ನಿಯಮ ಮಾಡಿದವಳೂ ಅವಳೇ. ತಿದ್ದಲು ಹೋಗಿದ್ದರೆ ಚರ್ಚಿನ ಊಟದಲ್ಲಿ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಆರ್ಲಿಸ್ ಕೋಟ್ಸ್ ಎಂಬ ಮುದುಕ ಕೊನೆಯ ಪುಟ ತಂದುಕೊಟ್ಟ. ಕೋಟ್ಸರದು ಕಡವಿನ ಮನೆತನ. ಸೇತುವೆ ಬರುವವರೆಗೆ ಒಹಾಯೊ ನದಿಯಲ್ಲಿ ಕಾರು, ದನ, ಮದುವೆಯ ದಿಬ್ಬಣ ಎಲ್ಲವನ್ನೂ ದಾಟಿಸಿದವರು ಅವರೇ. ವಿಲ್ಮಾ ಓದುತ್ತ ಕೊನೆಯ ಸಾಲಿಗೆ ಬಂದಳು. 'ನಲವತ್ತೊಂದು ವರ್ಷಗಳಲ್ಲಿ ನಮ್ಮ ದೋಣಿಯಿಂದ ಒಂದು ಜೀವವೂ ಹೋಗಲಿಲ್ಲ.'

ಎದೆ ಧಸಕ್ಕೆನ್ನಬೇಕಿತ್ತು. ಏನೂ ಆಗಲಿಲ್ಲ. ಐವತ್ತೊಂಬತ್ತನೇ ಇಸವಿಯ ಏಪ್ರಿಲ್‌ನಲ್ಲಿ ಅದೇ ದೋಣಿಯಿಂದ ಅವಳ ತಂಗಿ ಲೆಟಿ ನೀರಿಗೆ ಬಿದ್ದಿದ್ದಳು. ಲೆಟಿಗೆ ಆರು, ವಿಲ್ಮಾಗೆ ಹತ್ತು. ಕೈ ಬಿಡಬೇಡ ಎಂದಿದ್ದಳು ಅಮ್ಮ. ಚಳಿಗೆ ತನ್ನ ಕೋಟಿನ ಗುಂಡಿ ಹಾಕಿಕೊಳ್ಳಲು ವಿಲ್ಮಾ ತಂಗಿಯನ್ನು ಹಿಡಿದಿದ್ದ ಬಲಗೈ ಬಿಟ್ಟಳು, ಅಷ್ಟೇ. ನದಿ ಉಕ್ಕಿ ಹರಿಯುತ್ತಿತ್ತು, ಹೆಣ ಸಿಗಲಿಲ್ಲ. ಹೆಣವೇ ಇಲ್ಲದ ಮೇಲೆ ಸಮಾಧಿಯ ಕಲ್ಲೇಕೆ ಎಂದ ಅಮ್ಮ ಮತ್ತೆ ಆ ಹೆಸರೆತ್ತಲಿಲ್ಲ. ವಿಲ್ಮಾಳನ್ನು ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆವತ್ತು ಮರಗಟ್ಟಿದ ಮನಸ್ಸಿಗೆ ಮತ್ತೆ ಜೀವ ಬಂದಿರಲಿಲ್ಲ.

"ಈ ಸಾಲು ಸುಳ್ಳು, ಆರ್ಲಿಸ್," ಎಂದಳು.

"ಗೊತ್ತು."

"ಮತ್ಯಾಕೆ ಬರೆದ್ರಿ?"

ಆರ್ಲಿಸ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ಮೊದಲು ನಿಜಾನೇ ಬರೆದಿದ್ದೆ. ಆಮೇಲೆ ನಿಮ್ಮನೆ ಪುಟ ಓದಿದೆ. ಮಾದರಿ ಅಂತ ನೀನೇ ಗೋಡೆಗೆ ಅಂಟಿಸಿದ್ದೀಯಲ್ಲ? ಮೂರು ಮಕ್ಕಳು ಅಂತ ಬರೆದಿದ್ದೀಯ. ಮನೆಯೋರೇ ಮೂರು ಅಂದ್ಮೇಲೆ ನಾಲ್ಕನೇದು ಹೇಳೋಕೆ ನಾನ್ಯಾರು?"

ವಿಲ್ಮಾ ಗೋಡೆಯತ್ತ ತಿರುಗಿದಳು. ಆ ಕಡೆ ತಂದೆತಾಯಿಯ ಸಮಾಧಿಯ ಕಲ್ಲಿನ ಹಿಂಬದಿಯಲ್ಲಿ ಮಕ್ಕಳ ಹೆಸರು ಕೆತ್ತಿಸುತ್ತಾರೆ. ಅಮ್ಮ ಬದುಕಿದ್ದಾಗಲೇ ಕೆತ್ತಿಸಿಟ್ಟದ್ದು ಮೂರು ಹೆಸರು. ಉಳಿದ ಮನೆತನದವರೆಲ್ಲ ಮಾಡಿದಂತೆ ವಿಲ್ಮಾ ತನ್ನ ಮನೆಯದ್ದನ್ನೂ ಕಲ್ಲು ನೋಡಿಯೇ ನಕಲು ಮಾಡಿದ್ದಳು, ಕೈ ತಡವರಿಸಿರಲಿಲ್ಲ. ಪುಸ್ತಕ ಜೋಡಿಸಿದ ಮೂರು ವರ್ಷ ಊರಿಗೆ ಊರೇ ಗೋಡೆಯ ಮೇಲೆ ಅದನ್ನು ಓದಿತ್ತು. ಊರಿಗೆಲ್ಲ ಗೊತ್ತಿತ್ತು, ಯಾರೂ ತುಟಿ ಬಿಚ್ಚಿರಲಿಲ್ಲ.

ಅವಳು ಕೋಟ್ಸರ ಪುಟವನ್ನೂ ಪೆನ್ಸಿಲನ್ನೂ ಅವನ ಮುಂದೆ ತಳ್ಳಿದಳು. "ನಾನು ತಿದ್ದೋ ಹಾಗಿಲ್ಲ. ನೀವೇ ತಿದ್ದಿ. ಅಕ್ಕ ಕೈ ಬಿಟ್ಟಳು ಅಂತಾನೂ ಬರೀರಿ."

"ಅದು ನಿಮ್ಮನೆ ವಿಷಯ. ನಮ್ಮನೇದು ಬೇರೆ ಇದೆ," ಎಂದ ಆರ್ಲಿಸ್.

ಕೊನೆಯ ಸಾಲನ್ನು ಹೊಡೆದುಹಾಕಿ ಬಹಳ ಹೊತ್ತು ಬರೆದ. ಮುಗಿದ ಮೇಲೆ ಪುಟ ಅವಳತ್ತ ಸರಿಸಿ, ಟೋಪಿ ಹಾಕಿಕೊಂಡು, ಅವಳ ಮುಖ ನೋಡದೆ ಮೆಟ್ಟಿಲು ಹತ್ತಿ ಹೋದ.

'ಒಂದು ಜೀವ ಹೋಯಿತು. ಲೆಟಿ ಹಾಕರ್‌ಸ್ಮಿತ್, ಆರು ವರ್ಷ. ಯಾರೂ ಬೀಳದಂತೆ ದೋಣಿಯ ಮುಂದೆ ಅಡ್ಡ ಕಟ್ಟುವ ಸರಪಳಿಗೆ ಕೊಂಡಿ ಹಾಕಿರಲಿಲ್ಲ. ಹಾಕಬೇಕಾಗಿದ್ದವನು ನಾನು. ನನಗಾಗ ಹತ್ತೊಂಬತ್ತು. ಅಪ್ಪ ಯಾರಿಗೂ ಹೇಳಬೇಡ ಅಂದರು.'

ವಿಲ್ಮಾ ಎರಡು ಸಲ ಓದಿದಳು. ಅರವತ್ತು ವರ್ಷ ಇಬ್ಬರೂ ಒಂದೇ ಚರ್ಚಿನಲ್ಲಿ ಹಿಂದೆ ಮುಂದೆ ಕೂತಿದ್ದರು. ಅವನ ಮೇಲೆ ಸಿಟ್ಟು ಬರಲಿ ಎಂದು ಕಾದಳು, ಬರಲಿಲ್ಲ. ಅಳುವೂ ಬರಲಿಲ್ಲ. ಕಂಪ್ಯೂಟರಿನ ಮುಂದೆ ಕೂತು, ನಿಯಮದಂತೆ ಒಂದಕ್ಷರ ಬದಲಿಸದೆ, ಅದನ್ನು ಹಾಗೇ ಟೈಪ್ ಮಾಡಿದಳು.

ಆಮೇಲೆ ತನ್ನ ಮನೆಯ ಪುಟ ತೆರೆದು ಮೂರನ್ನು ನಾಲ್ಕು ಮಾಡಿದಳು. ತಂಗಿಯ ಹೆಸರು ಟೈಪ್ ಮಾಡಲು ಹೋದರೆ ಬಲಗೈ ಮುಷ್ಟಿ ಕಟ್ಟಿಕೊಂಡಿತ್ತು, ಬಿಚ್ಚಲಿಲ್ಲ. ಎಡಗೈ ಒಂದರಲ್ಲೇ ಟೈಪ್ ಮಾಡಿದಳು.