ವೈರಸ್ ಬಾರದ ಮನೆ

ಮದುವೆಯ ಸಿನಿಮಾ ತುಂಬಿದ ಪೆನ್‌ಡ್ರೈವ್ ಬೀದಿಯ ಎಲ್ಲ ಮನೆಗೂ ಹೋಯಿತು. ಹೋಸಿಯತ್ ಅಕ್ಕನ ಮನೆಗೆ ಮಾತ್ರ ಬರಲಿಲ್ಲ.

ಮರ್ಗಿಲಾನ್ ಪಟ್ಟಣದ ಆ ಬೀದಿಯಲ್ಲಿ ಯಾರ ಮದುವೆಯಾದರೂ ಹೀಗೇ. ಪೆನ್‌ಡ್ರೈವ್ ಹೆಣ್ಣಿನ ಮನೆಯಿಂದ ಹೊರಟು ಮೊದಲು ಬಂಧುಗಳ ಮನೆಗೆ, ಆಮೇಲೆ ನೆರೆಹೊರೆಗೆ ಹೋಗುತ್ತದೆ. ಈ ಸಲದ ಮದುಮಗಳು ಝಿಲೋಲಾ, ಹೋಸಿಯತ್‌ಳ ಸ್ವಂತ ತಂಗಿ ಮುಹಾಯೋಳ ಮಗಳು. ತಂಗಿಯೂ ಅವಳ ಗಂಡನೂ ರಷ್ಯಾಕ್ಕೆ ದುಡಿಯಲು ಹೋಗಿ ವರ್ಷಗಟ್ಟಲೆ ಅಲ್ಲೇ ಉಳಿದಾಗ ಆ ಮಗುವಿನ ಜಡೆ ಹೆಣೆದವಳು ಯಾರು, ಜ್ವರ ಬಂದರೆ ನಿದ್ದೆಗೆಟ್ಟವಳು ಯಾರು? ಈ ದೊಡ್ಡಮ್ಮನೇ. ಕಂಪ್ಯೂಟರ್ ಕೊಂಡದ್ದೂ ಹುಡುಗಿಯ ಓದಿಗೆ. ತಂಗಿ ವಾಪಸು ಬಂದವಳೇ ಮಗಳ ಕೈಹಿಡಿದು ಮೂರು ಮನೆಯಾಚೆ ಕರೆದುಕೊಂಡು ಹೋದಳು. ಜಗಳ ಅನ್ನುವಂಥ ಜಗಳವೂ ಆಗಲಿಲ್ಲ. ಆಗಿದ್ದರೆ ರಾಜಿಯಾದರೂ ಆಗುತ್ತಿತ್ತೇನೋ! ಅಂದಿನಿಂದ ಕಂಪ್ಯೂಟರಿನ ಮೇಲೆ ಕಸೂತಿಯ ಬಟ್ಟೆ ಹೊದಿಸಿಯೇ ಇತ್ತು.

ಮದುವೆ ನಡೆದದ್ದು ಊರಾಚೆಯ ಛತ್ರದಲ್ಲಿ. ಹೋಸಿಯತ್‌ಗೆ ಜಾಗ ಕೊಟ್ಟದ್ದು ಬಾಗಿಲ ಪಕ್ಕದ ಮೇಜಿನಲ್ಲಿ, ಗುರುತಿಲ್ಲದವರ ನಡುವೆ. ಎತ್ತಿ ಆಡಿಸಿದವಳಿಗೆ ಬಾಗಿಲ ಪಕ್ಕ! ಎರಡು ತುತ್ತು ಪಲಾವು ತಿಂದವಳೇ, ಹೆಣ್ಣನ್ನು ಕಳಿಸಿಕೊಡುವ ಮೊದಲೇ ಎದ್ದು ಬಸ್ಸು ಹತ್ತಿದಳು. ಯಾರೂ ತಡೆಯಲಿಲ್ಲ.

ಆದರೂ ಸಿನಿಮಾ ಬಂದೀತು ಅಂತ ಕಾದಳು. ತಂಗಿಯ ಕೈಯಿಂದ ಅದೊಂದು ಬಂದರೆ ಸಾಕು, ತಾನು ಇನ್ನೂ ಆ ಮನೆಯವಳೇ ಅಂದುಕೊಳ್ಳಬಹುದಿತ್ತು. ಗೇಟು ಸದ್ದಾದರೆ ಸಾಕು, ಎದ್ದು ನೋಡುತ್ತಿದ್ದಳು.

ಒಂದು ಬೆಳಿಗ್ಗೆ ರೊಟ್ಟಿ ಸುಡುವ ಒಲೆಯ ಹತ್ತಿರ ನೆರೆಮನೆಯ ಸಲೋಮತ್ ಕೇಳಿಯೇ ಬಿಟ್ಟಳು: "ಮದುವೆ ಸಿನಿಮಾ ನೋಡಿದ್ರಾ ಅಕ್ಕಾ?"

"ನೋಡ್ದೆ ಕಣೇ, ಎರಡು ಸಲ ನೋಡ್ದೆ. ಅಳುನೇ ಬಂದ್ಬಿಡ್ತು."

"ಬರ್ದೆ ಇರತ್ತಾ ಮತ್ತೆ, ಆ ಹುಡುಗಿ ಅಷ್ಟು ಕೇಳಿದ್ಮೇಲೆ!"

ಏನು ಕೇಳಿದಳು, ಯಾರನ್ನು ಕೇಳಿದಳು, ಒಂದೂ ತಿಳಿಯದೆ ಹೋಸಿಯತ್ ತಲೆಯಾಡಿಸಿದಳು. ಸುಳ್ಳು ಹೇಳಿದ ಮೇಲೆ ಬಾಯಿಬಿಟ್ಟು ಕೇಳುವುದಾದರೂ ಹೇಗೆ?

ಅಷ್ಟರಲ್ಲಿ ವೈರಸ್ಸಿನ ಗಲಾಟೆ ಎದ್ದಿತು. ಒಬ್ಬರ ಕಂಪ್ಯೂಟರಿನಲ್ಲಿ ಮಕ್ಕಳ ಫೋಟೋ ಮಾಯ, ಇನ್ನೊಬ್ಬರ ಅಂಗಡಿ ಲೆಕ್ಕ ಮಾಯ. ಆ ಪೆನ್‌ಡ್ರೈವೇ ಹೋದಹೋದಲ್ಲಿ ರೋಗ ಹಚ್ಚಿತ್ತು. ಪೇಟೆಯ ಅಂಗಡಿಯವರು ಬಾಯಿಗೆ ಬಂದ ರೇಟು ಹೇಳಿದರು. ಆಗ ಬೀದಿಯವರೆಲ್ಲ ಸೇರಿ ಅಸ್ರೋರ್ ಉಸ್ತಾನನ್ನು ಕರೆಸಿದರು. ಉಸ್ತಾ ಅಂದರೆ ಮೇಸ್ತ್ರಿ; ಮನೆಮನೆಗೆ ಬಂದು ಅಗ್ಗಕ್ಕೆ ಸರಿಮಾಡಿಕೊಡುವ, ಬಾಯಿತುಂಬ ಮಾತಾಡುವ ಮನುಷ್ಯ. ಮಧ್ಯಾಹ್ನ ಸಲೋಮತ್‌ಳ ಅಂಗಳದಲ್ಲಿ ಎಲ್ಲರಿಗೂ ಪಲಾವು ಅಂತಲೂ ಮಾತಾಯಿತು.

ಎಲ್ಲರೂ ಕರೆದಾಗ ತಾನೊಬ್ಬಳು ಸುಮ್ಮನಿದ್ದರೆ ಗುಟ್ಟು ರಟ್ಟಾಗುತ್ತದಲ್ಲ! "ನಂದೂ ಕೆಟ್ಟಿದೆ, ಬಾಪ್ಪಾ" ಅಂದಳು ಹೋಸಿಯತ್.

ಉಸ್ತಾ ಬಂದು ಕಸೂತಿಯ ಬಟ್ಟೆ ಸರಿಸಿ ಕೂತ. ಅವಳು ರೊಟ್ಟಿ ಮುರಿದಿಟ್ಟಳು, ಹಸಿರು ಚಹಾ ಬಗ್ಗಿಸಿದಳು. ಆ ಕೋಣೆಯಲ್ಲಿ ಎರಡನೇ ಬಟ್ಟಲಿಗೆ ಕೆಲಸ ಬಿದ್ದು ಎಷ್ಟು ಕಾಲವಾಗಿತ್ತೋ!

"ಏನಕ್ಕಾ ಇದು? ಕನ್ನಡಿ ಥರ ಇದೆ. ಎಲ್ಲಿದೆ ರೋಗ?"

"ಸರಿಯಾಗಿ ನೋಡು. ಇರತ್ತೆ."

"ಏನೇನು ಚುಚ್ಚಿದ್ರಿ ಅಂತ ಇದಕ್ಕೇ ನೆನಪಿರತ್ತೆ. ವರ್ಷಗಳಿಂದ ಇದಕ್ಕೆ ಯಾರೂ ಏನೂ ಚುಚ್ಚಿಲ್ಲ."

ಉಸ್ತಾ ಪುಕ್ಕಟೆ ಸಿಗುವ ಕಾವಲು ಪ್ರೋಗ್ರಾಂ ಒಂದನ್ನು ಹಾಕಿದ. "ಹೊರಗಿನದು ಏನೇ ಬಂದ್ರೂ ಮೊದಲು ಇಲ್ಲಿ ಒತ್ತಿ, ಪರೀಕ್ಷೆ ಆದ್ಮೇಲೆ ತೆಗೀರಿ" ಎಂದು ತೋರಿಸಿಕೊಟ್ಟ. ದುಡ್ಡು ಮುಟ್ಟಲಿಲ್ಲ. ಏನೂ ಕೆಟ್ಟಿಲ್ಲದ್ದಕ್ಕೆ ಏನು ತಗೊಳ್ಳೋದು ಅಂದ.

ಊಟದ ಹೊತ್ತಿಗೆ ಹೆಂಗಸರು ಅವನನ್ನು ಸುತ್ತಿಕೊಂಡರು. "ಇದು ಮತ್ತೆ ಬರ್ದೇ ಇರಕ್ಕೆ ಏನ್ಮಾಡ್ಬೇಕು, ಹೇಳೋ!"

"ಹೋಸಿಯತ್ ಅಕ್ಕನ್ನ ನೋಡಿ ಕಲೀರಿ!" ಉಸ್ತಾ ಪಲಾವಿನ ಕೈ ಎತ್ತಿ ಗಟ್ಟಿಯಾಗಿ ಹೇಳಿದ. "ಇಡೀ ಬೀದೀಲಿ ಅವರದೊಂದೇ ಶುದ್ಧ. ವರ್ಷಗಳಿಂದ ಹೊರಗಿನ ಒಂದು ಪೆನ್‌ಡ್ರೈವೂ ಆ ಮನೆ ಹೊಸ್ತಿಲು ದಾಟಿಲ್ಲ. ಕಂಪ್ಯೂಟರ್ ಇಟ್ಕೊಳ್ಳೋದು ಅಂದ್ರೆ ಹಾಗೆ!"

ಅಯ್ಯೋ ಪುಣ್ಯಾತ್ಮ! ಹೊಗಳಿದೆ ಅಂದುಕೊಂಡು ಇನ್ನೊಂದು ತುತ್ತು ಬಾಯಿಗಿಟ್ಟ. ಸಿನಿಮಾ ಆ ಮನೆಗೆ ಹೋಗೇ ಇಲ್ಲ ಅಂತ ಅಂಗಳದಲ್ಲಿದ್ದವರಿಗೆಲ್ಲ ತಿಳಿದುಹೋಯಿತು. ಸಲೋಮತ್ ನೆಲ ನೋಡಿದಳು. ಮುಹಾಯೋ ಚಹಾ ಬಟ್ಟಲನ್ನು ಕೈಯಲ್ಲಿ ತಿರುಗಿಸುತ್ತಲೇ ಇದ್ದಳು, ಅಕ್ಕನ ಕಡೆ ಮುಖ ಎತ್ತಲಿಲ್ಲ. ಹೋಸಿಯತ್‌ಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹಂಚಲು ತಂದಿದ್ದ ರೊಟ್ಟಿಯನ್ನು ಅಲ್ಲೇ ಇಟ್ಟು ಮನೆಗೆ ನಡೆದಳು.

ಸ್ವಲ್ಪ ಹೊತ್ತಿಗೆ ಗೇಟು ಸದ್ದಾಯಿತು. ಎದ್ದು ಓಡಿದಳು. ಬಂದವಳು ತಂಗಿಯಲ್ಲ, ಸಲೋಮತ್.

"ನಮ್ಮನೇದು, ಸಿನಿಮಾ ಇದರಲ್ಲಿದೆ, ತಗೊಳ್ಳಿ ಅಕ್ಕಾ. ಉಸ್ತಾ ಶುದ್ಧ ಮಾಡ್ಕೊಟ್ಟಿದ್ದಾನೆ." ಪೆನ್‌ಡ್ರೈವನ್ನು ಕೈಯಲ್ಲಿಟ್ಟು, ಒಳಗೆ ಕರೆಯುವ ಮೊದಲೇ ಹೊರಟುಹೋದಳು.

ಬೇಡ ಅನ್ನಬೇಕಿತ್ತು. ತಂಗಿ ಕೊಡದ್ದನ್ನು ಇನ್ನೊಬ್ಬರ ಕರುಣೆಯಿಂದ ಪಡೆಯುವುದೆಂದರೆ ಗಂಟಲಲ್ಲಿ ಇಳಿಯದ ಮಾತು. ಆದರೆ ಹುಡುಗಿ ಏನು ಕೇಳಿದಳು? ಉಸ್ತಾ ಹೇಳಿಕೊಟ್ಟ ಹಾಗೆ ಒತ್ತಿದಳು. ಅಪಾಯಕಾರಿಯಾದದ್ದು ಏನೂ ಸಿಗಲಿಲ್ಲ ಎಂದು ಪರದೆ ಹೇಳಿತು.

ಕುಣಿತ, ಹಾಡು, ಊಟ, ಎಲ್ಲವನ್ನೂ ಓಡಿಸಿ ಕೊನೆಗೆ ಬಂದಳು. ಛತ್ರದ ಮೆಟ್ಟಿಲ ಕೆಳಗೆ ಕಾರು ನಿಂತಿದೆ. ಮುಹಾಯೋ ಮಗಳನ್ನು ಅಪ್ಪಿಕೊಳ್ಳಲು ಎರಡೂ ಕೈ ಚಾಚಿದ್ದಾಳೆ. ಝಿಲೋಲಾ ತಾಯಿಯ ಹೆಗಲ ಮೇಲಿಂದ ಆಚೆ ಹುಡುಕುತ್ತಿದ್ದಾಳೆ.

"ದೊಡ್ಡಮ್ಮ ಎಲ್ಲಿ? ಕರೀರಿ ಅವರನ್ನ. ದೊಡ್ಡಮ್ಮ ಎಲ್ಲಿ?"

"ಆಗ್ಲೇ ಹೋದ್ರಮ್ಮಾ" ಎಂದು ಯಾರೋ ಹೇಳಿದರು. ತಾಯಿಯ ಕೈಗಳು ಹಾಗೇ ಚಾಚಿಕೊಂಡಿದ್ದವು. ಹುಡುಗಿ ತಲೆ ತಗ್ಗಿಸಿ ಮೆಟ್ಟಿಲಿಳಿದಳು.

ಇದನ್ನು ಮುಹಾಯೋ ಯಾರಿಗೆ ಬೇಕಾದರೂ ತೋರಿಸಿಯಾಳು, ಅಕ್ಕನಿಗೆ ಹೇಗೆ ಕಳಿಸಿಯಾಳು? ತಂಗಿಯ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ ಹೋಸಿಯತ್‌ಗೇ ತಿಳಿಯಲಿಲ್ಲ. ಉಳಿದದ್ದು ಬಸ್ಸಿನ ನೆನಪು. ಆ ಹೊತ್ತಿಗೆ ಕಿಟಕಿ ಪಕ್ಕ ಕೂತು, ತಾನು ಎದ್ದುಬಂದದ್ದು ಒಬ್ಬರಿಗೂ ಗೊತ್ತಾಗಲಿಲ್ಲ ಎಂದು ಕೊರಗುತ್ತಿದ್ದಳು.

ಹಿಂದಕ್ಕೆ ಸರಿಸಿ ಮತ್ತೆ ಹಾಕಿದಳು.

"ದೊಡ್ಡಮ್ಮ ಎಲ್ಲಿ?"

"ಇಲ್ಲೇ ಇದ್ದೀನಿ ಕಣೇ" ಅಂದಳು ಹೋಸಿಯತ್, ಗಟ್ಟಿಯಾಗಿ. ಪರದೆಯ ಹುಡುಗಿ ಕಾರು ಹತ್ತಿ ಬಾಗಿಲು ಹಾಕಿಕೊಂಡಳು.